ಆರುನೂರ ಹನ್ನೆರಡು ಉಲ್ಲೇಖಗಳ ಪ್ರಬಂಧ

ಕ್ಯಾನ್ಸರ್ ಲ್ಯಾಬಿನಲ್ಲಿ ಎಲ್ಲರೂ ಮೇಷ್ಟ್ರು ಎಂದೇ ಕರೆಯುವ ಈ ಸಂಶೋಧಕರು ಮೂವತ್ತು ವರ್ಷದಲ್ಲಿ ನಲವತ್ತಮೂರು ಪ್ರಬಂಧ ಬರೆದಿದ್ದರು. ಈ ಕಸುಬಿನಲ್ಲಿ ಬರೆದರಷ್ಟೇ ಸಾಲದು. ಬರೆದದ್ದನ್ನು ಬೇರೆಯವರು ತಮ್ಮ ಪ್ರಬಂಧಗಳಲ್ಲಿ ಹೆಸರಿಸಬೇಕು. ಅದಕ್ಕೆ ಉಲ್ಲೇಖ ಅನ್ನುತ್ತಾರೆ, ಅದನ್ನು ಎಣಿಸಿ ಮನುಷ್ಯನ ಬೆಲೆ ಕಟ್ಟುತ್ತಾರೆ. ಮೇಷ್ಟ್ರ ಒಂದೇ ಒಂದು ಪ್ರಬಂಧಕ್ಕೆ ಆರುನೂರ ಹನ್ನೆರಡು ಉಲ್ಲೇಖ. ಉಳಿದ ನಲವತ್ತೆರಡಕ್ಕೂ ಸೇರಿ ತೊಂಬತ್ತು. ಒಬ್ಬ ಮಗ ದುಡಿದು ತಂದು ಹಾಕುವುದು, ಮಿಕ್ಕವರೆಲ್ಲ ಕೂತು ಉಣ್ಣುವುದು, ಅಂಥ ಸಂಸಾರ.

ಆ ಒಬ್ಬ ಮಗನ ದೆಸೆಯಿಂದ ಗುರುವಾರ ಪ್ರೊಫೆಸರ್ ಹುದ್ದೆಗೆ ಸಂದರ್ಶನವಿತ್ತು. ಹಿಂದೆ ಮೂರು ಸಲ ಕೈತಪ್ಪಿತ್ತು. ನಿವೃತ್ತಿಗೆ ಉಳಿದದ್ದು ಎರಡೇ ವರ್ಷ, ಇನ್ನೊಂದು ಸಲ ಅನ್ನುವ ಹಾಗಿರಲಿಲ್ಲ. ಹೆಂಡತಿಯಂತೂ ತಂಗಿಗೆ, ನಾದಿನಿಗೆ, ಓರಗಿತ್ತಿಗೆ ಫೋನ್ ಮಾಡಿ ಆದ ಹಾಗೇ ಎಂದು ಹೇಳಿಯಾಗಿತ್ತು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಬೇಡ ಎಂದು ಮೇಷ್ಟ್ರು ಗದರಿದರು. ತಾವು ಮಾತ್ರ ಗುಟ್ಟಾಗಿ ಹೊಸ ಅಂಗಿ ಹೊಲಿಸಿಕೊಂಡಿದ್ದರು.

ಸೋಮವಾರ ಬೆಳಿಗ್ಗೆ ಟೆಕ್ನಿಷಿಯನ್, ಮೇಷ್ಟ್ರ ಜೊತೆ ಹತ್ತು ವರ್ಷದಿಂದ ಇರುವ ಹೆಂಗಸು, ಒಂದು ಹಾಳೆ ತಂದು ಮೇಜಿನ ಮೇಲಿಟ್ಟರು. ಆ ಪ್ರಬಂಧಕ್ಕೆ ಬಳಸಿದ ಜೀವಕೋಶಗಳು ಹದಿನೆಂಟು ವರ್ಷದಿಂದ ಫ್ರೀಜರಿನಲ್ಲಿದ್ದವು. ಬೇರೆ ಲ್ಯಾಬಿನವರು ಕೇಳಿದ್ದರಿಂದ, ಕಳಿಸುವ ಮುಂಚೆ ಅವುಗಳ ಗುರುತು ಪರೀಕ್ಷೆ ಮಾಡಿಸಿದ್ದರು. ಸೀಸೆಯ ಮೇಲೆ ಮೇದೋಜೀರಕದ ಕ್ಯಾನ್ಸರ್ ಎಂದು ಬರೆದಿತ್ತು. ಒಳಗಿದ್ದದ್ದು ಗರ್ಭಕಂಠದ ಕ್ಯಾನ್ಸರ್ ಕೋಶಗಳು. ಅವು ಮಹಾ ಬೆಳೆಯುವ ಜಾತಿ. ಒಂದು ಹನಿ ಪಕ್ಕದ ತಟ್ಟೆಗೆ ಬಿದ್ದರೂ ಸಾಕು, ಕೆಲವೇ ವಾರಗಳಲ್ಲಿ ಮನೆಯವರನ್ನೇ ಹೊರಗೆ ಹಾಕಿ ತಾವೇ ಯಜಮಾನರಾಗುತ್ತವೆ.

"ಆಗ ಯಾರೋ ಒಂದೇ ಬಾಟಲಿಯಿಂದ ಎರಡು ತಟ್ಟೆಗೂ ಹಾಕಿದಾರೆ ಸರ್," ಎಂದರು ಟೆಕ್ನಿಷಿಯನ್.

ಯಾರೋ ಏನು ಬಂತು! ಆ ದಿನ ಮೇಷ್ಟ್ರಿಗೆ ಚೆನ್ನಾಗಿ ನೆನಪಿತ್ತು. ರಜೆಯ ದಿನ, ಲ್ಯಾಬಿನಲ್ಲಿ ಇವರೊಬ್ಬರೇ. ಕೋಶಗಳಿಗೆ ಆಹಾರವಾಗಿ ಹಾಕುವ ಗುಲಾಬಿ ಬಣ್ಣದ ದ್ರವ ಒಂದೇ ಬಾಟಲಿ ಉಳಿದಿತ್ತು. ಇನ್ನೊಂದು ತಯಾರಿಸಲು ಒಂದು ಗಂಟೆ ಬೇಕು, ಮನೆಯಲ್ಲಿ ಊಟಕ್ಕೆ ಕಾಯುತ್ತಿದ್ದರು. ಏನಾಗುತ್ತೆ ಬಿಡು ಎಂದು ಎರಡು ತಟ್ಟೆಗೂ ಅದರಿಂದಲೇ ಹಾಕಿದ್ದರು.

ಮಧ್ಯಾಹ್ನವೆಲ್ಲ ಕೂತು ಆರುನೂರ ಹನ್ನೆರಡರ ಪಟ್ಟಿ ಓದಿದರು. ಹೆಚ್ಚಿನವು ಹೆಸರು ಹೇಳಿ ಮುಂದೆ ಹೋದವು, ಅಪಾಯವಿಲ್ಲ. ಒಂದು ಮಾತ್ರ ಆಸ್ಪತ್ರೆಯದು. ಮೇಷ್ಟ್ರ ಪ್ರಬಂಧವನ್ನೇ ನಂಬಿ ಹೊಸ ಔಷಧಿಯೊಂದನ್ನು ಮೇದೋಜೀರಕದ ಕ್ಯಾನ್ಸರಿನ ಇಪ್ಪತ್ತೆರಡು ರೋಗಿಗಳಿಗೆ ಕೊಟ್ಟು ನೋಡುವ ಯೋಜನೆ. ಮೊದಲ ಡೋಸು ಬುಧವಾರ.

ಸಂಜೆ ಮನೆಗೆ ಬಂದು ಹೆಂಡತಿಗೆ ಎಲ್ಲ ಹೇಳಿದರು. ಆಕೆ ಬಟ್ಟೆ ಮಡಿಸುತ್ತಲೇ ಕೇಳಿಸಿಕೊಂಡರು.

"ಶುಕ್ರವಾರ ಹೇಳಿದ್ರೆ ಆಗಲ್ವಾ?"

"ಬುಧವಾರ ಔಷಧಿ ಶುರು ಕಣೇ."

ಆಕೆಗೆ ಸಿಟ್ಟು ಬಂತು. ಯಾರ ಮೇಲೆಂದು ತಿಳಿಯದೆ ಮಡಿಸಿದ ಟವೆಲನ್ನೇ ಬಿಚ್ಚಿ ಮತ್ತೆ ಮಡಿಸಿದರು. ಆಮೇಲೆ, ಬರೆಯೋದಿದ್ರೆ ಈಗಲೇ ಬರೆದುಬಿಡಿ, ಬೆಳಿಗ್ಗೆ ಆದ್ರೆ ನಾನೇ ಬೇಡ ಅಂದುಬಿಡ್ತೀನಿ ಎಂದರು. ಮೇಷ್ಟ್ರು ಆಸ್ಪತ್ರೆಗೊಂದು, ಪ್ರಬಂಧ ಅಚ್ಚು ಹಾಕಿದ ಪತ್ರಿಕೆಗೊಂದು ಆ ರಾತ್ರಿಯೇ ಈಮೇಲಿನಲ್ಲಿ ಪತ್ರ ಬರೆದರು. ಪ್ರಬಂಧವನ್ನು ಹಿಂತೆಗೆದುಕೊಳ್ಳುತ್ತೇನೆ, ತಪ್ಪು ನನ್ನದು, ಬೇರೆ ಯಾರದೂ ಅಲ್ಲ ಎಂದು.

ಗುರುವಾರ ಹೊಸ ಅಂಗಿ ತೊಟ್ಟು ಸಂದರ್ಶನಕ್ಕೆ ಹೋದರು. ಕೇಳುವ ಮುಂಚೆ ತಾವೇ ವಿಷಯ ತೆಗೆದರು. ಸಮಿತಿಯ ಅಧ್ಯಕ್ಷರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ನಿಮ್ಮದನ್ನ ನಂಬ್ಕೊಂಡು ನಾನು ಹನ್ನೊಂದು ಪ್ರಬಂಧ ಬರ್ದಿದೀನಿ. ಈ ಕುರ್ಚಿಗೆ ಬಂದಿದ್ದೇ ಅದರಿಂದ."

ಮೇಷ್ಟ್ರು ಕ್ಷಮಿಸಿ ಎಂದರು. ಅಧ್ಯಕ್ಷರು ಒಂದು ಲೋಟ ನೀರು ಕುಡಿದರು. ಇನ್ನೊಬ್ಬ ಸದಸ್ಯರು, ಹಿಂತೆಗೆದುಕೊಂಡರೂ ಉಲ್ಲೇಖಗಳ ಲೆಕ್ಕ ಹಾಗೇ ಉಳಿಯುತ್ತಲ್ಲವೇ ಎಂದು ಆಸೆಯಿಂದ ಕೇಳಿದರು. ಉಳಿಯುತ್ತೆ ಎಂದರು ಮೇಷ್ಟ್ರು. ಅಲ್ಲಿಗೆ ಸಂದರ್ಶನ ಮುಗಿಯಿತು.

ಶುಕ್ರವಾರ ಪತ್ರ ಬಂತು: ಅಭ್ಯರ್ಥಿಯು ತಮ್ಮ ಕ್ಷೇತ್ರದ ಮೇಲೆ ಸಾಕಷ್ಟು ಪರಿಣಾಮ ಬೀರಿರುವುದು ಕಂಡುಬಂದಿಲ್ಲ. ಹೆಂಡತಿ ತಂಗಿಗೆ, ನಾದಿನಿಗೆ, ಓರಗಿತ್ತಿಗೆ ಅದೇ ಕ್ರಮದಲ್ಲಿ ಫೋನ್ ಮಾಡಿ ಆಗಲಿಲ್ಲ ಎಂದರು.

ಅವತ್ತೇ ಮಧ್ಯಾಹ್ನ ಆಸ್ಪತ್ರೆಯ ಡಾಕ್ಟರಮ್ಮನ ಫೋನ್ ಬಂತು. ಪತ್ರ ಸಮಯಕ್ಕೆ ಸಿಕ್ಕಿತಂತೆ, ಯಾರಿಗೂ ಔಷಧಿ ಕೊಟ್ಟಿಲ್ಲವಂತೆ. ಮೇಷ್ಟ್ರಿಗೆ ಹೋದ ಜೀವ ಬಂದ ಹಾಗಾಯಿತು. ಆದರೆ ಇಪ್ಪತ್ತೆರಡು ಜನರೂ ಇದೇ ಕೊನೆಯ ದಾರಿ ಎಂದು ನಂಬಿಕೊಂಡಿದ್ದರು, ಸಿಕ್ಕಾಪಟ್ಟೆ ಬೈಯುತ್ತಿದ್ದಾರೆ ಎಂದರು ಡಾಕ್ಟರಮ್ಮ. ಒಬ್ಬರಿಗಂತೂ ನಿಮ್ಮನ್ನೇ ಬೈಯಬೇಕಂತೆ, ನಂಬರ್ ಕೊಡಲೇ ಎಂದು ಸಂಕೋಚದಿಂದ ಕೇಳಿದರು.

"ಕೊಡಿ," ಎಂದರು ಮೇಷ್ಟ್ರು.

ಅರ್ಧ ಗಂಟೆಯಲ್ಲಿ ಆ ರೋಗಿ ಫೋನ್ ಮಾಡಿದ. ಹತ್ತು ನಿಮಿಷ ಬೈದ. ಕಲಿತವನಲ್ಲ, ಆದರೂ ಬಿಡಿಸಿ ಬಿಡಿಸಿ ಬೈದ. ಮೇಷ್ಟ್ರು ಕಿವಿಯಿಂದ ಫೋನ್ ತೆಗೆಯಲಿಲ್ಲ. ಬೈದು ಸುಸ್ತಾದ ಮೇಲೆ ಅವನ ದನಿ ಇಳಿಯಿತು.

"ಹಾಗಾದ್ರೆ ನನಗೀಗ ಯಾವ ಔಷಧಿ ಸರ್?"

"ಗೊತ್ತಿಲ್ಲಪ್ಪ," ಎಂದರು ಮೇಷ್ಟ್ರು. "ಮೂವತ್ತು ವರ್ಷದಿಂದ ಅದನ್ನೇ ಹುಡುಕ್ತಾ ಇದೀನಿ."

ಆ ಕಡೆಯವನು ಫೋನ್ ಇಡಲಿಲ್ಲ. ಇವರೂ ಇಡಲಿಲ್ಲ.