ಕೆಂಪು ಚಿತ್ರ, ಮೂಲೆಯ ಅಜ್ಜಿ

ನಾನೊಂದು ಕೆಂಪು ಚಿತ್ರ. ಜಪಾನಿನ ಎದೊ ಪಟ್ಟಣದ ಓಣಿಯೊಂದರಲ್ಲಿ, ಚೆರಿ ಮರದ ಅಚ್ಚಿನ ಮೇಲೆ ಒದ್ದೆ ಕಾಗದವಾಗಿ ಮಲಗಿ, ಬೆನ್ನು ತಿಕ್ಕಿಸಿಕೊಂಡು ಹುಟ್ಟಿದೆ. ಕೆಂಪಲ್ಲದೆ ನನ್ನಲ್ಲಿ ಬೇರೆ ಬಣ್ಣವಿಲ್ಲ. ಸಿಡುಬಿನ ದೇವತೆಗೆ ಕೆಂಪೆಂದರೆ ಪ್ರೀತಿ, ಅದನ್ನು ಕಂಡರೆ ಮಗುವನ್ನು ಹೆಚ್ಚು ಕಾಡದೆ ಹೋಗುತ್ತಾಳೆ ಎಂದು ಆ ಊರಿನ ನಂಬಿಕೆ. ಬೀಳಿಸಿದರೂ ಎದ್ದು ಕೂರುವ ದರುಮ ಬೊಂಬೆಯೊಂದು ನನ್ನಲ್ಲಿದೆ, ಮಗು ಹಾಸಿಗೆ ಬಿಟ್ಟು ಏಳಲೆಂದು. ಪಕ್ಕದಲ್ಲಿ ಕಣ್ಣರಳಿಸಿದ ಗೂಬೆ. ಅದು ಮಗುವಿನ ದೃಷ್ಟಿ ಉಳಿಯಲೆಂದು.

ಒತಾಕಿ ಎಂಬ ತಾಯಿ ನನ್ನನ್ನು ಕೊಂಡು, ಜ್ವರದಲ್ಲಿ ಬೇಯುತ್ತಿದ್ದ ಮಗ ಯೊಕಿಚಿಯ ತಲೆದೆಸೆಗೆ ತೂಗುಹಾಕಿದಳು. ಮೂರನೆಯ ದಿನ ಮಧ್ಯಾಹ್ನ ಮಗು ಕೇಳಿತು, “ಅಮ್ಮಾ, ಆ ಅಜ್ಜಿ ಯಾರು?”

“ಎಲ್ಲಿ ಕಂದಾ? ಯಾರೂ ಇಲ್ವಲ್ಲ.”

ಇದ್ದಳು. ಮೂಲೆಯಲ್ಲಿ ಮಂಡಿಯೂರಿ ಕುಳಿತು ನನ್ನನ್ನೇ ನೋಡುತ್ತಿದ್ದಳು.

ಹನ್ನೆರಡನೆಯ ದಿನ ಹಕ್ಕಳೆ ಉದುರಿತು, ಯೊಕಿಚಿ ಗಂಜಿ ಕೇಳಿದ. ಇನ್ನು ನನ್ನನ್ನು ಹೊಳೆಗೆ ಬಿಡಬೇಕು. ನನ್ನೊಡನೆ ದೇವತೆಯೂ ಹೋಗುತ್ತಾಳೆ. ಒತಾಕಿ ನನ್ನನ್ನು ಹುಲ್ಲಿನ ತಟ್ಟೆಯಲ್ಲಿಟ್ಟು ಹೊರಡುವಾಗ ಪಕ್ಕದ ಮನೆಯ ಒಸೆನ್ ಓಡಿಬಂದಳು. ಅವಳ ಮಗಳು ಕೊಹಾಗಿಗೂ ಜ್ವರ ಹಿಡಿದಿತ್ತು.

“ಅಕ್ಕಾ, ಪೇಟೆಯೆಲ್ಲ ಸುತ್ತಿದೆ. ಒಂದು ಕೆಂಪು ಚಿತ್ರಾನೂ ಉಳಿದಿಲ್ಲ. ಇದನ್ನೇ ಕೊಡಿ.”

“ಬೇಡ ಕಣೇ. ಅವಳು ಇನ್ನೂ ಇದರ ಜೊತೇಲೇ ಇದ್ರೆ?”

“ಇದ್ರೆ ಇರ್ಲಿ. ನಿಮ್ಮ ಮಗನ್ನ ಉಳಿಸಿದವಳು ನನ್ನ ಮಗಳ ಕೈ ಬಿಡ್ತಾಳಾ?”

ಒತಾಕಿ ಕೊಟ್ಟಳು. ಅಜ್ಜಿ ಎದ್ದು ನಮ್ಮ ಹಿಂದೆಯೇ ಬಂದಳು. ಅವಳ ಹೆಜ್ಜೆಗೆ ಚಾಪೆ ಸದ್ದು ಮಾಡಲಿಲ್ಲ.

ಕೊಹಾಗಿ ಬದುಕಿದಳು. ಕಣ್ಣು ಹೋಯಿತು.

“ನಾನು ಕೊಡಬಾರದಿತ್ತು,” ಎಂದು ಒತಾಕಿ ಹೊಸ್ತಿಲಲ್ಲೇ ಕುಸಿದು ಅತ್ತಳು.

“ಬೇಡಿದವಳು ನಾನಲ್ವಾ ಅಕ್ಕಾ,” ಎಂದಳು ಒಸೆನ್.

ಆಗ ಹಾಸಿಗೆಯಿಂದ ಕೊಹಾಗಿ ಮೆಲ್ಲಗೆ ಹೇಳಿದಳು, “ಅಮ್ಮಾ, ಎಲ್ಲಾ ಕತ್ತಲೆ. ಮೂಲೇಲಿ ಕೂತಿರೋ ಅಜ್ಜಿ ಮಾತ್ರ ಕಾಣ್ತಾಳೆ.”

ಒಸೆನ್ ನನ್ನನ್ನು ಹೊಳೆಗೆ ಬಿಡಲಿಲ್ಲ. ನನ್ನೊಡನೆ ಆ ಅಜ್ಜಿಯೂ ತೇಲಿಹೋಗಿ ಕೆಳಗಿನ ಊರಿನ ಯಾವ ಮಗುವನ್ನು ಸೇರುತ್ತಾಳೋ ಎಂದು ಹೆದರಿದಳು. ಪೆಟ್ಟಿಗೆಯ ತಳದಲ್ಲಿಟ್ಟು ಬೀಗ ಹಾಕಿ, ಬದುಕಿರುವವರೆಗೆ ತೆರೆಯಲಿಲ್ಲ.

ಆಮೇಲೆ ಯಾರ್ಯಾರದೋ ಕೈ ದಾಟಿದೆ. ಈಗ ವಸ್ತುಸಂಗ್ರಹಾಲಯದ ಡ್ರಾಯರಿನಲ್ಲಿದ್ದೇನೆ. ನನ್ನ ಕೆಂಪು ಮಾಸಿದೆ, ಅಂಚು ಪುಡಿಯಾಗಿದೆ. ಸಿಡುಬು ಈ ಲೋಕದಿಂದಲೇ ಹೋಯಿತಂತೆ. ತಾಯಂದಿರು ಗೆದ್ದರು ಎಂದು ಸಂತೋಷಪಟ್ಟೆ. ಆದರೆ ಆ ಅಜ್ಜಿಗೆ ಹೋಗಲು ಬೇರೆ ಮನೆಯಿಲ್ಲ. ಇಲ್ಲೇ, ನನ್ನ ಪಕ್ಕದಲ್ಲೇ ಇದ್ದಾಳೆ.

ಮುಂದಿನ ವಾರ ಶಾಲೆಯ ಮಕ್ಕಳು ಬರುತ್ತಾರೆ, ಅವರಿಗೆ ತೋರಿಸಲು ನನ್ನನ್ನು ಗೋಡೆಗೆ ಹಾಕುತ್ತಾರಂತೆ. ಅದನ್ನು ಕೇಳಿದಂದಿನಿಂದ ಅವಳು ಕೂದಲು ಬಾಚಿಕೊಳ್ಳುತ್ತಿದ್ದಾಳೆ.