ಪುದಿಯಾಪ್ಲೆಯ ಸೊಪ್ಪಿಗೆ ಬೈದದ್ದು

ಕೆದಂಬಾಡಿಯಲ್ಲಿ ಕುಂಞಿಪಾತುಮ್ಮನ ಬೈಗುಳ ತಿನ್ನದೆ ಉಳಿದವರು ಇಬ್ಬರೇ. ಒಬ್ಬ ಮೀನು ಮಾರುವ ಡೊಂಬಯ್ಯ, ಇನ್ನೊಬ್ಬ ಅವಳ ಅಳಿಯ ಸಾಹುಲ್ ಹಮೀದ್. ಡೊಂಬಯ್ಯನಿಗೆ ಕಿವಿ ಕೇಳುತ್ತಿರಲಿಲ್ಲ. ಅಳಿಯನಿಗೆ ಕಿವಿ ಚೆನ್ನಾಗಿಯೇ ಕೇಳುತ್ತಿತ್ತು, ಆದರೆ ಅವನಿಗೆ ಬೈಯುವ ಹಾಗಿರಲಿಲ್ಲ.

ಬ್ಯಾರಿಗಳ ಮನೆಯಲ್ಲಿ ಮಗಳ ಗಂಡನೆಂದರೆ ಪುದಿಯಾಪ್ಲೆ, ಹೊಸ ಮದುಮಗ. ಮದುವೆಯಾಗಿ ಹದಿನೆಂಟು ವರ್ಷವಾಗಲಿ, ತಲೆ ಅರ್ಧ ಬೋಳಾಗಲಿ, ಹೊಟ್ಟೆ ಹೊಸ್ತಿಲನ್ನು ಅವನಿಗಿಂತ ಮೊದಲೇ ದಾಟಲಿ, ಅವನು ಹೊಸಬನೇ. ಅತ್ತೆ ಅವನೆದುರು ದನಿ ಏರಿಸುವಂತಿಲ್ಲ, ಅವನೂ ಅತ್ತೆಗೆ ಎದುರಾಡುವಂತಿಲ್ಲ. ಹೇಳುವುದೇನಿದ್ದರೂ ನಡುವೆ ಮಗಳು ರಮ್ಲತ್ ಇದ್ದಳು. ಈ ಸಲ ಅವಳೂ ಕೈ ತೊಳೆದುಕೊಂಡಳು.

"ನೀವು ಹೇಳಿದ್ದು ಅವರಿಗೆ, ಅವರು ಹೇಳಿದ್ದು ನಿಮಗೆ. ಪೋಸ್ಟಿನ ಶೀನಪ್ಪಣ್ಣನಿಗಾದ್ರೂ ಭಾನುವಾರ ರಜೆ ಉಂಟು ಉಮ್ಮ. ನನ್ನಿಂದ ಆಗುದಿಲ್ಲ. ಬೇಕಾದ್ರೆ ನೀವೇ ಹೇಳಿ."

ಹೇಳಬೇಕಾಗಿದ್ದದ್ದು ಒಂದೇ ಮಾತು: ತಾರಸಿ ಬಿಟ್ಟುಕೊಡಿ.

ಸಾಹುಲ್ ಹಮೀದ್ ಗಲ್ಫಿನಲ್ಲಿ ಕೊನೆಯ ನಾಲ್ಕು ವರ್ಷ ಮಣ್ಣಿಲ್ಲದೆ ಸೊಪ್ಪು ಬೆಳೆಸುವ ಕಂಪೆನಿಯಲ್ಲಿ ಇದ್ದವನು. ಊರಿಗೆ ಬಂದ ಮೇಲೆ ಅವನ ಕೈ ಸುಮ್ಮನೆ ಕೂರಲಿಲ್ಲ. ಇಡೀ ಪುತ್ತೂರು ಪೇಟೆಗೆ ನೀರು ಹಾಯಿಸುವಷ್ಟು ಬಿಳಿ ಪೈಪು ತಂದು ತಾರಸಿಯ ತುಂಬ ಮಲಗಿಸಿದ. ಪೈಪಿಗೆ ತೂತು, ತೂತಿಗೊಂದು ಜಾಲರಿ ಲೋಟ, ಲೋಟದೊಳಗೆ ಸ್ಪಂಜು, ಸ್ಪಂಜಿನ ಮೇಲೆ ಲೆಟ್ಯೂಸ್ ಎಂಬ ಎಲೆ. ಕುಂಞಿಪಾತುಮ್ಮನ ಕಣ್ಣಿಗೆ ಅದು ಕ್ಯಾಬೇಜಿನ ಬಡ ತಂಗಿಯಂತೆ ಕಂಡಿತು. ಕೆಳಗೆ ನೀಲಿ ಡ್ರಮ್ಮು, ಅದರಲ್ಲಿ ಪಂಪು. ಎರಡು ಬಾಟಲಿಯ ಮದ್ದು ಬೆರೆಸಿದ ನೀರು ಹಗಲೆಲ್ಲ ಪೈಪಿನೊಳಗೆ ಗುಳುಗುಳು ಓಡಬೇಕು. ಬೆಳಿಗ್ಗೆ, ಸಂಜೆ ಅಳಿಯ ಆ ನೀರಿಗೆ ಪೆನ್ನಿನಂಥದ್ದನ್ನು ಅದ್ದಿ ನಂಬರು ನೋಡುತ್ತಿದ್ದ. ಮೂರು ವರ್ಷದಿಂದ ಸಕ್ಕರೆ ಕಾಯಿಲೆ ಇರುವ ಅತ್ತೆಗೆ ತಿಂಗಳಿಗೊಂದು ಟೆಸ್ಟ್, ಸೊಪ್ಪಿಗೆ ದಿನಕ್ಕೆರಡು.

ಸೆಕೆಗೆ ಸೊಪ್ಪು ಬಾಡುತ್ತದೆಂದು ಮೇಲೆ ಹಸಿರು ನೆಟ್ ಕಟ್ಟಿದ. ನೀರು ಬಿಸಿಯಾಗುತ್ತದೆಂದು ಫ್ರಿಜ್ಜಿನಲ್ಲಿ ಹನ್ನೆರಡು ಬಾಟಲಿ ಐಸ್ ಮಾಡಿ ಡ್ರಮ್ಮಿಗೆ ಇಳಿಸತೊಡಗಿದ. ಬಂಗುಡೆಗೆ ಜಾಗವಿಲ್ಲದೆ ಡೊಂಬಯ್ಯನ ಸೈಕಲ್ಲು ಗೇಟಿನಿಂದಲೇ ಹಿಂದೆ ಹೋಗುವಂತಾಯಿತು. ಕೊನೆಗೆ ನೀರಿನ ಟ್ಯಾಂಕಿಯ ಕಂಬಕ್ಕೆ ಬಿಳಿ ಮೊಟ್ಟೆಯಂಥದ್ದೊಂದನ್ನು ಸಿಕ್ಕಿಸಿದ. ಕಾಗೆ ಓಡಿಸಲು ಇರಬೇಕೆಂದುಕೊಂಡು ಅವಳು ಏನೆಂದು ಕೇಳಲಿಲ್ಲ.

ಇದನ್ನೆಲ್ಲ ಸಹಿಸಬಹುದಿತ್ತು. ಆದರೆ ರಮ್ಝಾನಿಗೆ ಇನ್ನು ಹತ್ತೇ ದಿನ. ಅಕ್ಕಿ ತೊಳೆದು, ನೆನೆಸಿ, ತಾರಸಿಯ ಬಿಸಿಲಿಗೆ ಹರಡಿ, ಮಿಲ್ಲಿಗೆ ಕೊಟ್ಟು ಹಿಟ್ಟು ಮಾಡಿಸಿದರೆ ತಿಂಗಳಿಡೀ ಪತ್ತಿರ್. ಅವಳು ಲಟ್ಟಿಸಿದ ಆ ರೊಟ್ಟಿಯನ್ನು ಎತ್ತಿ ಹಿಡಿದರೆ ಆಚೆ ರಸ್ತೆಯಲ್ಲಿ ಹೋಗುವ ಬಸ್ಸಿನ ಬೋರ್ಡು ಓದಬಹುದೆಂದು ಊರಲ್ಲಿ ಮಾತಿತ್ತು. ಎಂಟು ಮನೆಗೆ ಅವಳ ಹಿಟ್ಟೇ ಹೋಗಬೇಕು. ಗಂಡ ತೀರಿಹೋದ ವರ್ಷವೂ ಅದು ತಪ್ಪಿರಲಿಲ್ಲ. ಅಂಗಳದಲ್ಲಿ ಒಣಗಿಸೋಣವೆಂದರೆ ಹಲಸಿನ ಮರದ ನೆರಳು, ಸಾಲದ್ದಕ್ಕೆ ಕೋಳಿಗಳ ಸೈನ್ಯ. ಬಿಸಿಲೆಂಬುದು ಇದ್ದದ್ದು ತಾರಸಿಯಲ್ಲಿ. ಅದನ್ನೂ ಈಗ ಸೊಪ್ಪು ಕುಡಿಯುತ್ತಿತ್ತು.

ಅಳಿಯ ಪೇಟೆಗೆ ಹೋದ ಕೂಡಲೇ ಅವಳು ಮೆಟ್ಟಿಲು ಹತ್ತುತ್ತಿದ್ದಳು. ಪುದಿಯಾಪ್ಲೆಗೆ ಬೈಯಬಾರದು, ಸರಿ. ಸೊಪ್ಪಿಗೆ ಬೈಯಬಾರದೆಂದು ಮಸೀದಿಯ ಯಾವ ಮುಸ್ಲಿಯಾರರೂ ಹೇಳಿಲ್ಲ.

"ಎಂತ ನೋಡುದು? ಮಣ್ಣು ಮುಟ್ಟಿದ್ರೆ ನಿನ್ನ ಮರ್ಯಾದೆ ಹೋಗ್ತದಾ? ನನ್ನ ಬಸಳೆ ನೋಡು, ಪಾತ್ರೆ ತೊಳೆದ ನೀರು ಕುಡಿದು ಬಚ್ಚಲಿನ ಮಾಡಿನವರೆಗೆ ಹತ್ತಿದೆ. ನಿನಗೆ ಐಸ್ ಬೇಕು, ಕೊಡೆ ಬೇಕು. ನೀನೂ ಪುದಿಯಾಪ್ಲೆಯಾ?"

ಪಕ್ಕದ ಮನೆಯ ಶೀಲಾವತಿ ಮಂಡೆಕೋಲು ಊರಿನಿಂದ ಮದುವೆಯಾಗಿ ಬಂದವಳು. ಆ ಎಂಟು ಮನೆಗಳಲ್ಲಿ ಅವಳದೂ ಒಂದು. ಪಾಗಾರದ ಆಚೆಯಿಂದ ನಗುತ್ತಿದ್ದಳು.

"ಪಾತುಮ್ಮಕ್ಕ, ಅದು ನಿಮ್ಮ ಭಾಷೆ ಕೇಳಿ ಹೆದರಿ ಬೆಳೀತಾ ಉಂಟು. ದಿನಾ ಬೈಯಿರಿ."

ಸೋಮವಾರ ಸಾಹುಲ್ ಹಮೀದನೂ ರಮ್ಲತಳೂ ಕಡಬಕ್ಕೆ ಹೊರಟರು. ಅವನ ತಂಗಿಯ ಹೊಸ ಮನೆಯ ಊಟ. ಅವರ ಕಾರು ತಿರುವು ದಾಟುವುದೇ ತಡ, ಕುಂಞಿಪಾತುಮ್ಮ ಹಿಂದಿನ ಸಂಜೆಯೇ ಗುಟ್ಟಾಗಿ ನೆನೆಸಿಟ್ಟಿದ್ದ ಅಕ್ಕಿಯನ್ನು ಬಸಿಯತೊಡಗಿದಳು. ನೆಟ್ಟಿನ ಹಗ್ಗ ಬಿಚ್ಚಿ, ಒಂದು ಬದಿ ಸರಿಸಿ, ಆ ಸಂದಿಯಲ್ಲಾದರೂ ಒಣಗಿಸುವುದೆಂದು ಲೆಕ್ಕ. ನೆನೆದ ಅಕ್ಕಿ ಬಿಸಿಲಿಗೆ ಕಾಯುವುದಿಲ್ಲ, ಮಧ್ಯಾಹ್ನದೊಳಗೆ ಹುಳಿ ಹಿಡಿಯುತ್ತದೆ.

ಬುಟ್ಟಿ ಸೊಂಟಕ್ಕಿಟ್ಟು ಮೇಲೆ ಬಂದಾಗ ಹನ್ನೊಂದು ಗಂಟೆ. ಏನೋ ಕಡಿಮೆಯೆನಿಸಿತು. ಗುಳುಗುಳು ಇಲ್ಲ. ಕರೆಂಟು ಹೋಗಿತ್ತು.

"ಶೀಲಕ್ಕ, ನಿಮ್ಮಲ್ಲಿ ಕರೆಂಟು ಉಂಟಾ?"

"ಇಲ್ಲ. ಲೈನಿನ ಕೆಲಸವಂತೆ, ನಾಲ್ಕು ಗಂಟೆಯವರೆಗೆ ಬರುದಿಲ್ಲ."

ಕುಂಞಿಪಾತುಮ್ಮ ಬುಟ್ಟಿ ಇಳಿಸಿದಳು. ಪೈಪಿನ ನೀರು ಡ್ರಮ್ಮಿಗೆ ಇಳಿದುಹೋಗಿತ್ತು. ಒಳಗೆ ಬೇರುಗಳು ಮುದುಕನ ಗಡ್ಡದಂತೆ ಗಾಳಿಯಲ್ಲಿ ನೇತಾಡುತ್ತಿದ್ದವು. ಎರಡು ಗಂಟೆ ಹೀಗೇ ಬಿಟ್ಟರೆ ಎಲ್ಲವೂ ಒಣ ಹುಲ್ಲು. ತಾನು ಕೈಯಿಂದ ಮುಟ್ಟಿಲ್ಲ, ಬಾಯಿಂದ ಹೇಳಿಲ್ಲ. ತಾರಸಿ ತಾನಾಗಿ ಖಾಲಿಯಾಗುತ್ತದೆ.

"ಬಿಟ್ಟುಬಿಡಿ ಪಾತುಮ್ಮಕ್ಕ," ಎಂದಳು ಶೀಲಾವತಿ. "ನಿಮ್ಮ ತಪ್ಪೆಂತ ಉಂಟು ಇದ್ರಲ್ಲಿ?"

"ನಾನೆಂತ ಮಾಡ್ಲಿ? ನಾನು ಅಕ್ಕಿ ಹಾಕ್ಲಿಕ್ಕೆ ಬಂದವಳು."

ಹಗ್ಗ ಬಿಚ್ಚಲು ಕೈ ಎತ್ತಿದಳು. ಹತ್ತಿರದ ಒಂದು ಎಲೆ, ಬೆಳಿಗ್ಗೆ ಕಿವಿ ನಿಗುರಿಸಿ ನಿಂತಿದ್ದದ್ದು, ಅವಳ ಕಣ್ಣೆದುರೇ ಮೆಲ್ಲನೆ ಜೋತು ಪೈಪಿನ ಮೇಲೆ ತಲೆಯಿಟ್ಟಿತು. ಬೀದಿ ಬೆಕ್ಕನ್ನೂ ಬಾಯಾರಿಸಿ ಕಳುಹಿಸದ ಮನೆ ಇದು.

"ಹಾಳಾದ್ದೇ," ಎಂದು ಅವಳು ನೆರಳಿನ ನೆಟ್ಟನ್ನು ಹಾಗೇ ಬಿಟ್ಟು ಡ್ರಮ್ಮಿಗೆ ಚೆಂಬು ಅದ್ದಿದಳು.

ಮುನ್ನೂರ ಇಪ್ಪತ್ತು ತೂತು. ಹುಯ್ದ ನೀರು ಪೈಪಿನಲ್ಲಿ ನಿಲ್ಲದೆ ಮತ್ತೆ ಡ್ರಮ್ಮಿಗೆ. ಒಂದು ತುದಿ ಮುಗಿಸಿ ಇನ್ನೊಂದು ತುದಿಗೆ ಬರುವಾಗ ಮೊದಲನೆಯದು ಮತ್ತೆ ಬಾಯಿ ಬಿಡುತ್ತಿತ್ತು. ಸೊಂಟ ಮುರಿದು ಎರಡಾಯಿತು, ಎರಡು ನಾಲ್ಕಾಯಿತು. ಚೆಂಬಿಗೊಂದರಂತೆ ಹದಿನೆಂಟು ವರ್ಷದ ಬೈಗುಳ ಹೊರಬಂತು.

"ಕುಡಿ. ನಿನ್ನ ಯಜಮಾನನ ಗೊರಕೆಗೆ ಈ ಮನೆಯ ಹಂಚು ಎಷ್ಟು ಸಲ ಜಾರಿತು, ತಾರಸಿ ಹಾಕಿಸಿದ್ದೇ ಅದಕ್ಕೆ. ಕುಡಿ. ಮೀನಿನ ತಲೆ ಯಾವಾಗ್ಲೂ ಅವರಿಗೇ, ನನಗೆ ಬಾಲ. ಹದಿನೆಂಟು ವರ್ಷದಲ್ಲಿ ನಾನು ತಿಂದ ಬಾಲ ಕಟ್ಟಿದ್ರೆ ಸುಬ್ರಹ್ಮಣ್ಯದವರೆಗೆ ಹಗ್ಗ ಆಗ್ತದೆ. ನೀನೂ ಕುಡಿ. ಒಂದು ಮಾತು ಕೇಳಿದ್ದಾರಾ, ಉಮ್ಮ, ಅಕ್ಕಿ ಎಲ್ಲಿ ಒಣಗಿಸ್ತೀರಿ ಅಂತ? ಕೇಳ್ಲಿಕ್ಕೆ ಬಾಯಿಲ್ಲ, ಸೊಪ್ಪಿಗೆ ಐಸ್ ಹಾಕ್ಲಿಕ್ಕೆ ಕೈ ಉಂಟು."

ಕಂಬದ ಮೇಲಿನ ಬಿಳಿ ಮೊಟ್ಟೆಯಲ್ಲಿ ಸಣ್ಣ ಕೆಂಪು ಚುಕ್ಕಿಯೊಂದು ಮಿನುಗುತ್ತಿತ್ತು. ಕರೆಂಟಿಲ್ಲದೆಯೂ ಉರಿಯುವ ಅದಕ್ಕೂ ಒಂದು ಬೈದಳು.

ನಾಲ್ಕೂಕಾಲಿಗೆ ಪಂಪು ಗುಳುಗುಳು ಎಂದಿತು. ಅಷ್ಟರಲ್ಲಿ ಸೊಪ್ಪು ತಲೆಯೆತ್ತಿತ್ತು, ಅಕ್ಕಿ ಹುಳಿ ವಾಸನೆ ಹೊಡೆಯುತ್ತಿತ್ತು.

ಚೆಲ್ಲುವ ಕೈ ಅವಳದಲ್ಲ. ಆ ಅಕ್ಕಿಯನ್ನೆಲ್ಲ ಅರೆದಿಟ್ಟಳು. ಮರುದಿನ ಬೆಳಿಗ್ಗೆ ಒಲೆಯ ಮುಂದೆ ನಿಂತು ದೋಸೆ ಹುಯ್ದಳು. ಹಿಟ್ಟು ನೋಡಿದರೆ ಕಡಬದ ಬಂಧುಗಳೆಲ್ಲ ಬಂದು ತಿಂದರೂ ಮುಗಿಯುವಂತಿರಲಿಲ್ಲ. ಸಾಹುಲ್ ಹಮೀದ್ ತಲೆ ತಗ್ಗಿಸಿ ಒಂಬತ್ತು ತಿಂದ. ಹುಳಿಯೆನ್ನಲಿಲ್ಲ. ತಂಗಿ ಕಟ್ಟಿಕೊಟ್ಟಿದ್ದ ಸಾರಿನಲ್ಲಿ ತನ್ನ ತಟ್ಟೆಗೆ ಬಂದ ಬಂಗುಡೆಯ ತಲೆಯನ್ನು ಮೆಲ್ಲನೆ ಪಾತ್ರೆಗೆ ಹಿಂದೆ ಹಾಕಿ, ಬಾಲ ತೆಗೆದುಕೊಂಡ. ಕುಂಞಿಪಾತುಮ್ಮನ ಸೌಟು ಕಾವಲಿಯ ಮೇಲೆ ನಿಂತಿತು.

ಅವನು ಕೈ ತೊಳೆದು ಮೇಲೆ ಹೋದ. ಅವಳು ಅರ್ಧ ಮೆಟ್ಟಿಲು ಹತ್ತಿ ನಿಂತಳು. ಅಳಿಯ ಸೊಪ್ಪಿನೊಡನೆ ಮಾತಾಡುತ್ತಿದ್ದ, ಗಂಟಲು ಸರಿಪಡಿಸಿಕೊಂಡು, ಮೆಟ್ಟಿಲಿಗೆ ಕೇಳುವಷ್ಟು ಜೋರಾಗಿ.

"ಸೊಪ್ಪೇ, ನಿನಗೆ ಜೀವ ಯಾರು ಕೊಟ್ಟದ್ದು ಅಂತ ನನಗೆ ಗೊತ್ತುಂಟು. ನನ್ನ ಗೊರಕೆಗೆ ಹಂಚು ಜಾರುದು ಸುಳ್ಳು. ಉಳಿದದ್ದೆಲ್ಲ ಸರಿ."

ಕುಂಞಿಪಾತುಮ್ಮ ತಟ್ಟನೆ ತಿರುಗಿದಳು. ಹಿಂದೆ ರಮ್ಲತ್ ಬಾಯಿಗೆ ಸೆರಗು ಒತ್ತಿ ನಿಂತಿದ್ದಳು.

"ಅದು ಕ್ಯಾಮರಾ ಉಮ್ಮ. ಬ್ಯಾಟರಿಯೂ ಸಿಮ್ಮೂ ಒಳಗೇ ಉಂಟು, ಮಾತೂ ಕೇಳ್ತದೆ. ನಿನ್ನೆ ಬಿರಿಯಾನಿ ಎದುರು ಫೋನ್ ಹಿಡ್ಕೊಂಡು ಕೂತಿದ್ರು. ನಗ್ತಾ ಇದ್ರಾ ಅಳ್ತಾ ಇದ್ರಾ ಅಂತ ನನಗೆ ಗೊತ್ತಾಗ್ಲಿಲ್ಲ."

"ಯಾವಾಗಿಂದ ಕೇಳ್ತದೆ?"

"ಹಾಕಿದ ದಿನದಿಂದ. ಆದ್ರೆ ಅವರು ನೋಡುದು ಎಲೆ ಬಾಡಿದೆಯಾ ಅಂತ ಮಾತ್ರ. ಕಿವಿಗೆ ಇಟ್ಕೊಂಡದ್ದು ನಿನ್ನೆಯೇ."

ಭೂಮಿ ಬಾಯಿಬಿಟ್ಟು ನುಂಗುತ್ತದೆಯೋ ಎಂದು ಅವಳು ಸ್ವಲ್ಪ ಹೊತ್ತು ಕಾದಳು. ಭೂಮಿಗೆ ಬೇರೆ ಕೆಲಸವಿತ್ತು. ಮೇಲಿನಿಂದ ಮತ್ತೆ ಮಾತು ಬಂತು.

"ಸೊಪ್ಪೇ, ನೀನು ಇವತ್ತು ಆ ಮೂಲೆಗೆ ಹೋಗು. ಇಲ್ಲಿ ಅಕ್ಕಿ ಬರ್ತದೆ."

ಕುಂಞಿಪಾತುಮ್ಮ ಉಳಿದ ಮೆಟ್ಟಿಲು ಹತ್ತಿದಳು. ಅಳಿಯನ ಮುಖ ನೋಡಲಿಲ್ಲ. ಹತ್ತಿರದ ಲೆಟ್ಯೂಸಿನ ಮುಂದೆ ಸೊಂಟಕ್ಕೆ ಕೈಯಿಟ್ಟು ನಿಂತಳು.

"ಮೂಲೆ ಮಾತ್ರ ಸಾಲದು ಅಂತ ಹೇಳು. ನೆಟ್ಟು ಅರ್ಧಕ್ಕೆ ಸರಿಸ್ಲಿಕ್ಕುಂಟು. ಫ್ರಿಜ್ಜಿನಲ್ಲಿ ಕೆಳಗಿನ ಬದಿ ಬಂಗುಡೆಗೆ."

"ಎರಡು ಬಾಟ್ಲಿ ಇಡ್ಲಿಕ್ಕೆ ಆಗ್ತದಾ ಅಂತ ಕೇಳು ಸೊಪ್ಪೇ."

"ಒಂದು."

ಸಾಹುಲ್ ಹಮೀದ್ ಪೈಪಿನ ತುದಿ ಎತ್ತಿದ.

ನಾಲ್ಕನೆಯ ದಿನ ಹೊಸ ಅಕ್ಕಿ ತಾರಸಿಯಲ್ಲಿ ಬೆಳ್ಳಗೆ ಹರಡಿತ್ತು. ಬಿಳಿ ಮೊಟ್ಟೆಯ ಮುಖವನ್ನು ಅಳಿಯ ಅಕ್ಕಿಯ ಕಡೆ ತಿರುಗಿಸಿಟ್ಟು ಪುತ್ತೂರಿಗೆ ಹೋಗಿದ್ದ. ಕಾಗೆಯೊಂದು ಬಂದು ಕೂತಿತು. ಮೊಟ್ಟೆಯೊಳಗಿಂದ ಸಾಹುಲ್ ಹಮೀದನ ದನಿ ಬಂತು:

"ಕಾಗೆ, ಸ್ವಲ್ಪ ಆಚೆ ಹೋಗಿ ಮಾರಾಯ್ರೆ."

ಕಾಗೆ ಕತ್ತು ಓರೆ ಮಾಡಿ ಕೇಳಿತು, ಮತ್ತೆ ಅಕ್ಕಿ ಹೆಕ್ಕಿತು. ಕುಂಞಿಪಾತುಮ್ಮ ಹಣೆ ಚಚ್ಚಿಕೊಂಡು ಸೊಪ್ಪಿನ ಕಡೆ ತಿರುಗಿದಳು.

"ಹಾಗೆ ಹೇಳಿದ್ರೆ ಅದು ಸಂಸಾರ ಸಮೇತ ಊಟಕ್ಕೆ ಬರ್ತದೆ ಅಂತ ಹೇಳು ಅವರಿಗೆ. ಬೈಯುದು ಹೇಗೆ ಅಂತ ನಾನು ತೋರಿಸ್ತೇನೆ. ಫೋನ್ ಕಿವಿಯಿಂದ ಸ್ವಲ್ಪ ದೂರ ಹಿಡೀಲಿ."