ಎಳೆಯ ಕಣಗಳ ಸಾಲು

ಮಧ್ಯಾಹ್ನ ಎರಡಕ್ಕೆ ರಕ್ತಕಣಗಳನ್ನು ವಿಂಗಡಿಸುವ ಯಂತ್ರ ತನ್ನ ಎಣಿಕೆ ಮುಗಿಸಿತು. ಹಲೀನಾ ತಣ್ಣಗಾದ ಕಾಫಿಯನ್ನು ಹಾಗೆಯೇ ಬಿಟ್ಟು ಪರದೆಯತ್ತ ಕುರ್ಚಿ ಎಳೆದುಕೊಂಡಳು. ವಿನಿಪೆಗ್‌ನ ಆ ಆಸ್ಪತ್ರೆಯ ಲ್ಯಾಬಿನಲ್ಲಿ ಮೂವತ್ತೊಂದು ವರ್ಷ ಕಣ್ಣು ಸವೆಸಿದವಳು. ಮುಂದಿದ್ದದ್ದು ಏಳು ವರ್ಷದ ಮಾರ್ಗೋಳ ಎಲುಬಿನ ಮಜ್ಜೆಯ ಲೆಕ್ಕ. ಎರಡೂವರೆ ವರ್ಷ ರಕ್ತದ ಕ್ಯಾನ್ಸರಿಗೆ ಔಷಧಿ ತಿಂದು, ಎರಡು ತಿಂಗಳ ಹಿಂದಷ್ಟೇ ಮುಗಿಸಿದ ಹುಡುಗಿ.

ಬೆಳಿಗ್ಗೆಯೇ ಡಾಕ್ಟರ್ ಪ್ರಾಟ್ ಗಾಜಿನ ಮೇಲೆ ಸವರಿದ ಮಜ್ಜೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದ್ದ. ಎಳೆಯ ರಕ್ತಕಣಗಳು ಕಂಡಕಂಡಲ್ಲಿ ಇದ್ದವು; ರಕ್ತದ ಕ್ಯಾನ್ಸರಿನಲ್ಲೂ ಹೀಗೇ ತುಂಬಿರುತ್ತವೆ. ಯಂತ್ರದ ಫಲಿತಾಂಶ ಬರುವ ಮೊದಲೇ ಮಾರ್ಗೋಳ ತಾಯಿ ನೊಯೆಲ್ಲಾಗೆ ಫೋನ್ ಮಾಡಿ, ರೋಗ ಮರುಕಳಿಸಿದಂತಿದೆ, ನಾಳೆಯೇ ಆಸ್ಪತ್ರೆಗೆ ಸೇರಿಸಿ ಎಂದುಬಿಟ್ಟಿದ್ದ.

ಪರದೆ ನೋಡಿದ ಹಲೀನಾಳಿಗೆ ಸಿಟ್ಟು ಬಂತು. ಅದನ್ನು ಹೊರುವಷ್ಟು ತ್ರಾಣ ಮಾತ್ರ ಉಳಿದಿರಲಿಲ್ಲ. ಕ್ಯಾನ್ಸರಿನ ಕಣಗಳು ಒಂದೇ ತರಗತಿಯಲ್ಲಿ ಫೇಲಾಗುತ್ತಲೇ ಕೂತವರಂತೆ. ಮುಂದೆ ಹೋಗವು, ಬೆಂಚೂ ಬಿಡವು. ಪರದೆಯಲ್ಲಿ ಒಂದೇ ಕಡೆ ಗುಡ್ಡೆ ಬೀಳುತ್ತವೆ. ಇಲ್ಲಿಯ ಚುಕ್ಕಿಗಳು ಬಾಗಿದ ಸಾಲು ಹಿಡಿದಿದ್ದವು: ಒಂದನೆಯ ಕ್ಲಾಸಿನವು, ಅದರ ಮೇಲಿನವು, ಕಲಿತು ಮುಗಿಸಿ ಬಾಗಿಲಲ್ಲಿ ನಿಂತವು. ಔಷಧಿ ನಿಂತಮೇಲೆ ಬರಿದಾಗಿದ್ದ ಮಜ್ಜೆ, ಸೋಂಕಿನೊಡನೆ ಕಾದುವ ಕಣಗಳನ್ನು ಅವಸರವಸರವಾಗಿ ಹೆರುತ್ತಿತ್ತು. ಅಷ್ಟೇ, ರೋಗ ಮರುಕಳಿಸಿರಲಿಲ್ಲ.

ಕರೆಸಿದಾಗ ಪ್ರಾಟ್ ಬಂದು ನಿಂತೇ ನೋಡಿದ. ಮುಖ ಬಿಳಿಚಿಕೊಂಡಿತು.

"ಗಾಜಿನ ಮೇಲೆ ಎಲ್ಲಾ ಒಂದೇ ಥರ ಕಂಡ್ವು, ಹಲೀನಾ."

"ಕಾಣೋದೇ ಹಂಗೆ, ಡಾಕ್ಟ್ರೇ. ಈ ಯಂತ್ರ ಇಟ್ಕೊಂಡಿರೋದು ಶೋಕಿಗಲ್ಲ."

ವರದಿ ಟೈಪಾಗಲಿ, ಸಂಜೆ ತಿಳಿಸುತ್ತೇನೆ ಎಂದು ಅವನು ಗೊಣಗಿದ. ಬೆಳಿಗ್ಗೆ ವರದಿಗೆ ಕಾಯದ ಬಾಯಿ ಈಗ ಕಾಯುತ್ತದಂತೆ. ಹಲೀನಾ ರಿಸೀವರ್ ಎತ್ತಿ, ನೊಯೆಲ್ಲಾಗೆ ಕರೆ ಮಾಡಿ ಅವನ ಕೈಗಿಟ್ಟು, ಸ್ಪೀಕರ್ ಒತ್ತಿದಳು.

ರೋಗ ಮರುಕಳಿಸಿಲ್ಲವೆಂದು ಅವನು ತೊದಲುತ್ತ ಹೇಳಿದ, ಕ್ಷಮೆ ಕೇಳಿದ. ಆ ಕಡೆಯಿಂದ ಬಂದ ನೊಯೆಲ್ಲಾಳ ದನಿಯಲ್ಲಿ ಅಳುವೂ ಇರಲಿಲ್ಲ, ಹಿಗ್ಗೂ ಇರಲಿಲ್ಲ.

"ಮಾರ್ಗೋಗೆ ಹೇಳ್ಬಿಟ್ಟಿದೀನಿ, ಡಾಕ್ಟ್ರೇ. ಹೇಗೂ ಉದುರುತ್ತಲ್ಲ ಅಂತ ತನ್ನ ಕೂದ್ಲನ್ನ ತಾನೇ ಕತ್ತರಿಸ್ಕೊಂಡು ಕೂತಿದಾಳೆ."

ಲ್ಯಾಬಿನವರು ರೋಗಿಗಳೊಡನೆ ಮಾತಾಡುವಂತಿಲ್ಲ. ಹಲೀನಾ ಆ ನಿಯಮವನ್ನು ಒಮ್ಮೆಯೂ ಮುರಿದವಳಲ್ಲ. ಈಗ ರಿಸೀವರನ್ನು ಪ್ರಾಟ್‌ನ ಕೈಯಿಂದ ತೆಗೆದುಕೊಂಡಳು.

"ನೋಡಮ್ಮಾ, ಅವಳ ಮಜ್ಜೇನ ನೋಡಿದವಳು ನಾನು. ಫೋನ್ ಅವಳ ಕೈಗೆ ಕೊಡು. ನಾನೇ ಹೇಳ್ತೀನಿ."